ಕಸ ಎತ್ತಿದ ಮೇಲೆ ಏನು? ಪಾಳುಬಿದ್ದ ಜಾಗವನ್ನು ನೆರೆಹೊರೆಯವರೇ ಸೇರಿ ಹಸಿರು ಮಾಡುವ ಬಗೆ

ಇಪ್ಪತ್ತು ಜನ ಸೇರಿದರೆ ಒಂದು ಮೂಲೆಯ ಕಸ ಎತ್ತಲು ಒಂದು ಬೆಳಗ್ಗೆ ಸಾಕು. ಸಸಿ ನೆಡಲು ಇನ್ನೊಂದು ಬೆಳಗ್ಗೆ. ಆಮೇಲಿನ ಎರಡು ವರ್ಷ ಅಲ್ಲಿಗೆ ಯಾರು ಹೋಗುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಮಾತಾಡುವುದಿಲ್ಲ.

ನಮ್ಮ ಬೀದಿಯವರು ಮೊದಲ ಸಲ ಕೈಹಾಕಿದ್ದು ಒಂದು ಆಟದ ಮೈದಾನದ ಹಿಂಬದಿಗೆ. ಹುಮ್ಮಸ್ಸಿನಲ್ಲಿ ಇಡೀ ಅಂಚನ್ನೇ ಗುಡಿಸಿದೆವು, 40 ಸಸಿ ನೆಟ್ಟೆವು. ತಿಂಗಳೊಳಗೆ ಕಸ ವಾಪಸ್ ಬಂತು. ಬೇಸಿಗೆ ಮುಗಿಯುವಾಗ ಉಳಿದಿದ್ದ ಸಸಿ 6. ಒಣಗಿದ ಕಡ್ಡಿಗಳನ್ನು ಒಂದೊಂದಾಗಿ ಕಿತ್ತಾಗ ಆದ ಬೇಜಾರು ನನಗೆ ಇನ್ನೂ ನೆನಪಿದೆ. ನಮ್ಮಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ನೀರು ಯಾರು ಹಾಕಬೇಕು ಅಂತ ಮಾತೇ ಆಗಿರಲಿಲ್ಲ, ಅಷ್ಟೇ. ಆ ತಪ್ಪು ನಿಮಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಜಾಗ ಚಿಕ್ಕದಿರಲಿ

ಮೊದಲ ಸಲಕ್ಕೆ ದೊಡ್ಡ ಜಾಗ ಬೇಡ. ನಾವು ಈಗ ಅಳೆಯುವುದು ಹೀಗೆ: ಇಬ್ಬರು ಬಕೆಟ್ ಹಿಡಿದು ಹೋದರೆ ಒಂದು ಗಂಟೆಯೊಳಗೆ ಎಲ್ಲ ಸಸಿಗೂ ನೀರು ಹಾಕಿ ಮನೆಗೆ ಬರುವಂತಿರಬೇಕು. ಅದಕ್ಕಿಂತ ದೊಡ್ಡದಾದರೆ ಅರ್ಧಕ್ಕೆ ಇಳಿಸಿ. ಉಳಿದರ್ಧ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ಮಾಡಬಹುದು.

ಜನ ನಡೆದಾಡುವ ದಾರಿ ಪಕ್ಕದಲ್ಲಿದ್ದರೆ ಒಳ್ಳೆಯದು. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕಸವೂ ಬೇಗ ಸೇರುತ್ತದೆ, ಸಸಿ ಬಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹತ್ತಿರದಲ್ಲಿ ನೀರು ಸಿಗುತ್ತದಾ ಅಂತ ಮೊದಲೇ ನೋಡಿ. ದೂರದಿಂದ ಹೊತ್ತು ತರುವ ನೀರನ್ನು ನಂಬಿ ಸಸಿ ನೆಡಬೇಡಿ.

ಜಾಗ ಯಾರದು ಅಂತ ವಿಚಾರಿಸಿ, ಅನುಮತಿ ಬರಹದಲ್ಲೇ ತೆಗೆದುಕೊಳ್ಳಿ. ‘ಮಾಡಿ, ಮಾಡಿ, ಒಳ್ಳೆ ಕೆಲಸ’ ಅನ್ನೋ ಬಾಯಿಮಾತು ಸಾಲದು. ಆರು ತಿಂಗಳಾದ ಮೇಲೆ ಅಲ್ಲೇ ಪೈಪ್ ಹಾಕಲು ಅಗೆಯುತ್ತಾರೆ ಅಂತಿದ್ದರೆ ಅದು ಈಗಲೇ ಗೊತ್ತಾಗಬೇಕು. ನೆಲದೊಳಗೆ ಕರೆಂಟ್ ಕೇಬಲ್ಲು, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲಿ ಹೋಗಿವೆ ಅಂತಲೂ ಅದೇ ಸಲ ಕೇಳಿ ಗುರುತು ಮಾಡಿಕೊಳ್ಳಿ.

ಒಂದು ವಾರ ಸುಮ್ನೆ ನೋಡಿ

ಪೊರಕೆ ಹಿಡಿಯುವ ಮುಂಚೆ ಒಂದು ವಾರ ಆ ಜಾಗವನ್ನು ಬರೀ ಗಮನಿಸಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆಯವರು ಹೋಗಿ ನೋಡಲಿ. ಕಸ ಎಲ್ಲಿಂದ ಬರುತ್ತಿದೆ? ಮನೆಗಳಿಂದಲಾ, ಹಾದು ಹೋಗುವವರಿಂದಲಾ, ರಾತ್ರಿ ಗಾಡಿಯಲ್ಲಿ ತಂದು ಸುರಿಯುವವರಿಂದಲಾ, ಇಲ್ಲಾ ಗಾಳಿ ತಂದದ್ದಾ? ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಬೇಕು. ಗಾಡಿ ಒಳಗೆ ಬರುತ್ತಿದ್ದರೆ ಅಡ್ಡಲಾಗಿ ಎರಡು ದೊಡ್ಡ ಕಲ್ಲು ಇಡಬೇಕಾಗುತ್ತದೆ. ಮನೆ ಕಸ ಬಂದು ಬೀಳುತ್ತಿದ್ದರೆ ಕಸ ಒಯ್ಯುವ ಗಾಡಿ ಯಾವ ಹೊತ್ತಿಗೆ ಬರುತ್ತದೆ, ಯಾರಿಗೆ ಅದು ತಪ್ಪಿಹೋಗುತ್ತದೆ ಅಂತ ತಿಳಿಯಬೇಕು. ಬೆಳಗ್ಗೆ ಬೇಗ ಕೆಲಸಕ್ಕೆ ಹೊರಡುವವರ ಕೈಗೆ ಆ ಗಾಡಿ ಸಿಗುವುದೇ ಇಲ್ಲ. ಅಂಥವರನ್ನು ಬೈದು ಏನೂ ಆಗುವುದಿಲ್ಲ. ಪಕ್ಕದ ಮನೆಯವರು ಅವರ ಚೀಲವನ್ನೂ ಗಾಡಿಗೆ ಹಾಕಲು ಒಪ್ಪಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಎಸ್ಟೋನಿಯಾ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಸೇರಿ ಐದು ಗಂಟೆಗಳಲ್ಲಿ 10,000 ಟನ್‌ನಷ್ಟು ಕಸ ಎತ್ತಿದರು. ಇವತ್ತು ಹಲವು ದೇಶಗಳಲ್ಲಿ ನಡೆಯುವ ವಿಶ್ವ ಸ್ವಚ್ಛತಾ ದಿನಕ್ಕೆ ಅದೇ ಮೂಲ. ಎಲ್ಲರೂ ಆ ಐದು ಗಂಟೆಯ ಬಗ್ಗೆ ಹೇಳುತ್ತಾರೆ. ಅದಕ್ಕೂ ಮುಂಚೆ ಸ್ವಯಂಸೇವಕರು ದೇಶವೆಲ್ಲ ಓಡಾಡಿ, ಎಲ್ಲೆಲ್ಲಿ ಕಸದ ಗುಡ್ಡೆಗಳಿವೆ ಅಂತ ಹತ್ತು ಸಾವಿರಕ್ಕೂ ಜಾಸ್ತಿ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿದ್ದರು. ನಿಮಗೆ ಅಷ್ಟೆಲ್ಲ ಬೇಡ. ಒಂದು ಹಾಳೆಯ ಮೇಲೆ ಕೈಯಲ್ಲೇ ಬರೆದ ನಕ್ಷೆ ಸಾಕು. ಗುಡ್ಡೆ ಎಲ್ಲಿ, ಗಾಜು ಎಲ್ಲಿ, ನೆರಳು ಎಲ್ಲಿ, ನೀರು ನಿಲ್ಲುವುದು ಎಲ್ಲಿ. ಈ ಕೊನೆಯ ಎರಡು ಗುರುತು ಆಮೇಲೆ ಸಸಿ ನೆಡುವಾಗ ಕೆಲಸಕ್ಕೆ ಬರುತ್ತವೆ.

ಕೆಲಸದ ದಿನಕ್ಕೆ ಮುಂಚೆ

ಎಲ್ಲಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದದ್ದು: ಎತ್ತಿದ ಕಸ ಎಲ್ಲಿಗೆ ಹೋಗುತ್ತದೆ? ಸ್ಥಳೀಯ ಆಡಳಿತದವರ ಜೊತೆ, ಕಸ ಒಯ್ಯುವವರ ಜೊತೆ ಮಾತಾಡಿ ದಿನ, ಹೊತ್ತು, ಗಾಡಿ ಮೂರನ್ನೂ ಗಟ್ಟಿ ಮಾಡಿಕೊಳ್ಳಿ. ಮೂವತ್ತು ಚೀಲ ತುಂಬಿಸಿ ರಸ್ತೆ ಬದಿ ಇಟ್ಟು, ಗಾಡಿ ಮೂರು ದಿನ ಬರದಿದ್ದರೆ ನಾಯಿಗಳು ಎಲ್ಲವನ್ನೂ ಎಳೆದು ಹಾಕುತ್ತವೆ. ಚೀಲ ಕಂಡ ಕಡೆ ಇನ್ನೊಬ್ಬರು ಚೀಲ ತಂದಿಡುತ್ತಾರೆ.

ಸಾಮಾನು ಜಾಸ್ತಿ ಏನೂ ಬೇಡ. ದಪ್ಪ ಕೈಗವಸು ಒಬ್ಬರಿಗೆ ಒಂದು ಜೊತೆ, ಮೇಲೆ ನಾಲ್ಕೈದು ಜೊತೆ ಹೆಚ್ಚಿಗೆ. ಚೀಲಗಳು, ಕುಂಟೆ, ಸಲಿಕೆ, ಗುದ್ದಲಿ, ಹಾರೆ, ಬಾಂಡ್ಲಿ, ಉದ್ದ ಹಿಡಿಯ ಇಕ್ಕಳ ಎರಡು ಮೂರು. ಕಾಲು ಪೂರ್ತಿ ಮುಚ್ಚುವ ಗಟ್ಟಿ ಅಟ್ಟೆಯ ಶೂ ಕಡ್ಡಾಯ. ಚಪ್ಪಲಿಯಲ್ಲಿ ಬಂದವರಿಗೆ ನೋಂದಣಿ ಪುಸ್ತಕ, ಫೋಟೋ, ನೀರಿನ ಕೆಲಸ ಕೊಡಿ, ಕಸದೊಳಗೆ ಇಳಿಸಬೇಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹತ್ತಿರ ಇದೆ, ಹತ್ತಿರದ ಆಸ್ಪತ್ರೆ ಯಾವುದು ಅಂತ ಎಲ್ಲರಿಗೂ ಗೊತ್ತಿರಲಿ.

ಹತ್ತು ಜನಕ್ಕೆ ಒಬ್ಬರು ಮುಂದಾಳು. ಮಕ್ಕಳು ಬಂದರೆ ಖುಷಿ, ಆದರೆ ಅವರ ಜೊತೆ ದೊಡ್ಡವರು ಇರಲೇಬೇಕು.

ಕಸ ಎತ್ತುವ ಬೆಳಗ್ಗೆ

ಬಿಸಿಲೇರುವ ಮುಂಚೆ ಶುರು ಮಾಡಿ, ಎರಡು ಗಂಟೆ ಕೆಲಸ ಆದ ಮೇಲೆ ನಿಲ್ಲಿಸಿ. ಇನ್ನೂ ಸ್ವಲ್ಪ ಮಾಡೋಣ ಅನ್ನುವವರು ಇದ್ದೇ ಇರುತ್ತಾರೆ. ಆದರೂ ನಿಲ್ಲಿಸಿ. ಸುಸ್ತಾದ ಮೇಲೆಯೇ ಕೈ ಕೊಯ್ದುಕೊಳ್ಳುವುದು, ಮತ್ತೆ ಸುಸ್ತಾಗಿ ಮನೆಗೆ ಹೋದವರು ಮುಂದಿನ ವಾರ ಬರುವುದು ಕಷ್ಟ.

ಶುರು ಮಾಡುವ ಮುಂಚೆ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಆ ಜಾಗಕ್ಕೆ ಒಂದು ಗುರುತು ಇಟ್ಟುಕೊಂಡು, ಪ್ರತಿ ತಿಂಗಳು ಅಲ್ಲೇ ನಿಂತು ತೆಗೆಯಿರಿ. ಅನುಮತಿ ಮುಂದುವರಿಸಲು ಕೇಳುವಾಗ ಆ ಫೋಟೋಗಳೇ ನಿಮ್ಮ ಪರವಾಗಿ ಮಾತಾಡುತ್ತವೆ.

ಎತ್ತುವಾಗಲೇ ಬೇರೆ ಮಾಡಿ. ಕೊಳೆಯುವುದು ಒಂದು ಚೀಲ, ಒಣ ಕಸ ಇನ್ನೊಂದು, ಗಾಜು ಗಟ್ಟಿ ಪೆಟ್ಟಿಗೆಗೆ. ಆಮೇಲೆ ಬೇರೆ ಮಾಡೋಣ ಅಂದರೆ ಆಗುವುದಿಲ್ಲ. ಚೀಲವನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಕಟ್ಟಲೂ ಆಗಬೇಕು, ಎತ್ತಲೂ ಆಗಬೇಕು ಅಲ್ವಾ. ಹೊರುವಾಗ ಚೀಲವನ್ನು ಮೈಗೆ ತಾಗಿಸಬೇಡಿ. ಒಳಗಿಂದ ಗಾಜಿನ ಚೂರು ಹೊರಬಂದಿರುವುದು ಕಾಣುವುದಿಲ್ಲ.

ದೊಡ್ಡದೆಲ್ಲ ಎತ್ತಿಯಾದ ಮೇಲೆ ಒಂದು ಸಲ ಕುಕ್ಕರಗಾಲಲ್ಲಿ ಕೂತು ನೆಲ ನೋಡಿ. ನಿಂತಾಗ ಸ್ವಚ್ಛ ಅನಿಸಿದ ಜಾಗ ಆಗ ಬೇರೆಯೇ ಕಾಣುತ್ತದೆ. ಪೊಟ್ಟಣ ಹರಿಯುವಾಗ ಬೀಳುವ ಮೂಲೆ ಚೂರುಗಳು, ಉಗುರಿನಷ್ಟೇ ಅಗಲ, ಹೊಳೆಯುವಂಥವು, ಹುಲ್ಲಿನ ಬುಡಕ್ಕೆ ಅಂಟಿಕೊಂಡಿರುತ್ತವೆ. ಬಾಟಲಿ ಮುಚ್ಚಳದ ಉಂಗುರ, ಸ್ಟ್ರಾ, ಸಿಗರೇಟ್ ತುಂಡು. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯ ಥರ ಇದ್ದರೂ ಅದು ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್. ಬೇಗ ಕರಗುವುದಿಲ್ಲ, ಅದರೊಳಗೆ ಉಳಿದ ನಿಕೋಟಿನ್ ಮಳೆನೀರಿನ ಜೊತೆ ಮಣ್ಣಿಗೆ ಇಳಿಯುತ್ತದೆ. ಈ ಸಣ್ಣ ಕಸಕ್ಕಾಗಿಯೇ ಕೊನೆಯ ಅರ್ಧ ಗಂಟೆ ಇಟ್ಟುಕೊಳ್ಳಿ. ಇದಕ್ಕೆ ತಾಳ್ಮೆ ಇರುವವರು ಬೇಕು. ನಮ್ಮ ಗುಂಪಿನಲ್ಲಿ ವಯಸ್ಸಾದ ಒಬ್ಬರು ಸ್ಟೂಲ್ ತಂದು ಕೂತು, ಇಕ್ಕಳದಲ್ಲಿ ಒಂದೊಂದೇ ಹೆಕ್ಕುತ್ತಿದ್ದರು. ಅವರು ಕೂತಿದ್ದ ಜಾಗದಲ್ಲೇ ನಮ್ಮ ಹುಲ್ಲು ಮೊದಲು ಚೆನ್ನಾಗಿ ಬಂತು.

ಸಿಕ್ಕಿದ್ದರ ಲೆಕ್ಕ ಬರೆದಿಡಿ. ಎಷ್ಟು ಚೀಲ, ಯಾವ ಬಗೆ ಜಾಸ್ತಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಕಸ ಎತ್ತಿದವರು ಏನೇನು ಸಿಕ್ಕಿತು ಅಂತ ಕಾರ್ಡ್‌ಗಳಲ್ಲಿ ಬರೆದಿಟ್ಟರು. ಈಗ ಅದೇ ಪದ್ಧತಿ ಲೋಕದ ನೂರಾರು ಕಡಲತೀರಗಳಲ್ಲಿ ನಡೆಯುತ್ತಿದೆ. ‘ಇಲ್ಲಿ ತುಂಬಾ ಕಸ ಇದೆ’ ಅನ್ನೋದಕ್ಕಿಂತ ‘ಎರಡು ಗಂಟೆಯಲ್ಲಿ 400 ಕಪ್ ಸಿಕ್ಕಿವೆ, ಇಲ್ಲಿ ಒಂದು ಡಬ್ಬಿ ಬೇಕು’ ಅಂದಾಗ ಕೇಳಿಸಿಕೊಳ್ಳುವವರು ಜಾಸ್ತಿ.

ಕೈ ಹಾಕಬಾರದ ಕಸ

ಇದನ್ನು ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ಗಟ್ಟಿಯಾಗಿ ಹೇಳಿ.

ಸೂಜಿ, ಸಿರಿಂಜ್ ಕಂಡರೆ ಮುಟ್ಟದೆ ಮುಂದಾಳನ್ನು ಕರೆಯಬೇಕು. ಮುಂದಾಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಸೂಜಿಯ ಪಕ್ಕದಲ್ಲೇ ನೆಲದ ಮೇಲೆ ಇಟ್ಟು, ಇಕ್ಕಳದಲ್ಲಿ ಹಿಡಿದು, ಚೂಪು ತುದಿ ಮೊದಲು ಒಳಗೆ ಹೋಗುವ ಹಾಗೆ ಹಾಕಬೇಕು. ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಬಾರದು. ಸೂಜಿಗೆ ಮುಚ್ಚಳ ಹಾಕಲು ಹೋಗಲೇಬಾರದು. ಯಾರಿಗಾದರೂ ಚುಚ್ಚಿದರೆ ಹಿಂಡಬೇಡಿ, ಹೀರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದು 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಏನಿದೆ ಅಂತ ಗೊತ್ತಿಲ್ಲದ ಡ್ರಮ್ಮು, ಬಾಟಲಿ, ಊದಿಕೊಂಡ ಬ್ಯಾಟರಿ, ಆಸ್ಪತ್ರೆಯ ಕಸ, ಒಡೆದ ಹಳೆಯ ಸಿಮೆಂಟ್ ಶೀಟು, ಸತ್ತ ಪ್ರಾಣಿ. ಇವು ಇದ್ದಲ್ಲೇ ಇರಲಿ. ಸುತ್ತ ಗುರುತು ಹಾಕಿ ಆಡಳಿತದವರಿಗೆ ತಿಳಿಸಿ. ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೆ ಒಡೆದಾಗ ಏಳುವ ಧೂಳು ಪುಪ್ಪುಸಕ್ಕೆ ತುಂಬಾ ಕೆಟ್ಟದ್ದು.

ಕಲ್ಲು, ಹಲಗೆ ಎತ್ತುವ ಮುಂಚೆ ಕೋಲಿನಿಂದ ತಟ್ಟಿ. ಎತ್ತುವಾಗ ಆಚೆ ಅಂಚನ್ನು ನಿಮ್ಮ ಕಡೆಗೆ ಮೇಲೆತ್ತಿ. ಕೆಳಗೆ ಹಾವೋ ಚೇಳೋ ಇದ್ದರೆ ಅದಕ್ಕೆ ಹೋಗಲು ದಾರಿ ಆಚೆಗೆ ಸಿಗುತ್ತದೆ, ನಿಮಗೆ ಹಲಗೆಯೇ ಅಡ್ಡ ಇರುತ್ತದೆ. ಪೊದೆಯಲ್ಲಿ ಹಕ್ಕಿಗೂಡು ಇದ್ದರೆ ಆ ಪೊದೆಯನ್ನು ಮರಿ ಹಾರುವ ತನಕ ಬಿಡಿ.

ಕಸಕ್ಕೆ ಬೆಂಕಿ ಮಾತ್ರ ಹಚ್ಚಬೇಡಿ. ಪ್ಲಾಸ್ಟಿಕ್, ಅದರಲ್ಲೂ ಪಿವಿಸಿ ಸುಟ್ಟಾಗ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಅದು ಗಾಳಿಗೂ ಹೋಗುತ್ತದೆ, ನೀವು ಸಸಿ ನೆಡಬೇಕಾದ ಮಣ್ಣಿಗೂ ಇಳಿಯುತ್ತದೆ.

ಸ್ವಚ್ಛವಾದ ಜಾಗ ಸ್ವಚ್ಛವಾಗೇ ಉಳಿಯಲು

ಕಸ ಇರುವ ಕಡೆ ಜನ ಕಸ ಹಾಕುತ್ತಾರೆ. ಇದು ಬರೀ ಅನುಭವದ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾರುಗಳಿಗೆ ಕರಪತ್ರ ಸಿಕ್ಕಿಸಿ ಮಾಲೀಕರು ಅದನ್ನು ಏನು ಮಾಡುತ್ತಾರೆ ಅಂತ ನೋಡಿದರು. ನೆಲ ಮೊದಲೇ ಗಲೀಜಾಗಿದ್ದಾಗ ಅದನ್ನು ಅಲ್ಲೇ ಎಸೆದವರು ಜಾಸ್ತಿ, ಸ್ವಚ್ಛವಾಗಿದ್ದಾಗ ಕಮ್ಮಿ.

ಹಾಗಾಗಿ ಮೊದಲ ತಿಂಗಳು ತುಂಬಾ ಮುಖ್ಯ. ವಾರಕ್ಕೆ ಎರಡು ಸಲ ಇಬ್ಬರು ಹೋಗಿ ಹತ್ತು ನಿಮಿಷ ಹೆಕ್ಕಿ ಬಂದರೆ ಸಾಕು. ಮೊದಲ ಚೀಲ ಬಿದ್ದ ದಿನವೇ ಅದು ಎದ್ದುಹೋಗಬೇಕು. ‘ಕಸ ಹಾಕಿದರೆ ದಂಡ’ ಅನ್ನೋ ಬೋರ್ಡಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ‘ಈ ಗಿಡಗಳನ್ನು ನೋಡಿಕೊಳ್ಳುವವರು ಈ ಬೀದಿಯ ಮಕ್ಕಳು’ ಅಂತ ಮಕ್ಕಳ ಕೈಬರಹದಲ್ಲೇ ಬರೆಸಿದ ಹಲಗೆ ನಮ್ಮಲ್ಲಿ ಜಾಸ್ತಿ ಕೆಲಸ ಮಾಡಿದೆ.

ನೆಡುವ ಮುಂಚೆ ಮಣ್ಣು ನೋಡಿ

ಕಸ ಎತ್ತಿದ ಮರುದಿನವೇ ಸಸಿ ನೆಡಬೇಡಿ. ವರ್ಷಗಟ್ಟಲೆ ತುಳಿದ, ಗಾಡಿ ಓಡಾಡಿದ ನೆಲ ಒಳಗೆ ಕಲ್ಲಿನಂತಾಗಿರುತ್ತದೆ. ಒದ್ದೆ ಮಣ್ಣಿಗೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕೈಯ ಬಲಕ್ಕೆ ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. 30 ಸೆಂಟಿಮೀಟರ್ ಆಳದ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿ. ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಅದರಲ್ಲಿ ಒಂದು ಕಡ್ಡಿ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಗಂಟೆಗೆ ಎರಡೂವರೆ ಸೆಂಟಿಮೀಟರ್ ಆದರೂ ಇಳಿದರೆ ಸರಿ. ಅದಕ್ಕಿಂತ ನಿಧಾನವಾದರೆ ಅಲ್ಲಿ ಬೇರು ಕೊಳೆಯುತ್ತದೆ. ಮಣ್ಣನ್ನು ಅಗಲವಾಗಿ ಸಡಿಲಿಸಿ ದಿಬ್ಬ ಮಾಡಿ ನೆಡಿ, ಇಲ್ಲಾ ನೀರು ನಿಂತರೂ ತಾಳುವ ಗಿಡಗಳನ್ನು ಆರಿಸಿ.

ಅಗೆಯುವಾಗ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಪದರ ಸಿಕ್ಕರೆ ತೆಗೆಯಿರಿ. ಮೇಲೆ ಚೆನ್ನಾಗಿ ಕಳಿತ ಎಲೆಗೊಬ್ಬರ ಹರಡಿ. ಹಿಂದೆ ಕಸ ಸುಟ್ಟ ಜಾಗದಲ್ಲಿ ತಿನ್ನುವ ಸೊಪ್ಪು, ತರಕಾರಿ, ಹಣ್ಣಿನ ಗಿಡ ಬೇಡ.

ಯಾವ ಗಿಡ?

ನರ್ಸರಿಗೆ ಹೋಗುವ ಮುಂಚೆ ನಿಮ್ಮ ಸುತ್ತಲಿನ, ಜನ ಜಾಸ್ತಿ ಕೈಯಾಡಿಸದ ಹಳೆಯ ಜಾಗ ಒಂದಕ್ಕೆ ಹೋಗಿ. ಅಲ್ಲಿ ಯಾರೂ ನೀರು ಹಾಕದೆ ಏನು ಬೆಳೆದಿದೆ? ನಿಮ್ಮ ಪಟ್ಟಿ ಅಲ್ಲಿಂದ ಶುರುವಾಗಲಿ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಮಾಡಿದ್ದೂ ಇದನ್ನೇ. ಅಲ್ಲಿನ ದೇಗುಲಗಳ ಸುತ್ತ ತಲೆಮಾರುಗಳಿಂದ ಉಳಿದಿದ್ದ ತೋಪುಗಳನ್ನು ನೋಡಿ, ಆ ನೆಲಕ್ಕೆ ಯಾವ ಮರ ಸಹಜ ಅಂತ ಅವರು ತಿಳಿದುಕೊಂಡರು. ಅವರ ಹೆಸರಿನ ಪದ್ಧತಿಯಲ್ಲಿ ಸ್ಥಳೀಯ ಜಾತಿಗಳನ್ನು ಒತ್ತೊತ್ತಾಗಿ, ಒಂದು ಚದರ ಮೀಟರ್‌ಗೆ ಮೂರರಷ್ಟು ಸಸಿ ನೆಡುತ್ತಾರೆ, ಮೊದಲ ಎರಡು ಮೂರು ವರ್ಷ ಕಳೆ ಕೀಳುತ್ತಾರೆ. ಈಗ ಅನೇಕರು ಒತ್ತಾಗಿ ನೆಡುವುದನ್ನು ಮಾತ್ರ ಕಲಿತು, ತೋಪು ನೋಡುವ ಭಾಗ ಬಿಟ್ಟುಬಿಟ್ಟಿದ್ದಾರೆ. ನನಗೆ ಇದು ತುಂಬಾ ಬೇಸರದ ವಿಷಯ.

ಎಲ್ಲ ಕಡೆ ಮರವೇ ಆಗಬೇಕು ಅಂತಲೂ ಇಲ್ಲ. ನಿಮ್ಮದು ಮೊದಲಿಂದ ಹುಲ್ಲುಗಾವಲಾಗಿದ್ದ ನೆಲವಾದರೆ ಅದಕ್ಕೆ ಹುಲ್ಲು, ಹೂಬಿಡುವ ಸಣ್ಣ ಗಿಡಗಳೇ ಸರಿ. ಚಿಟ್ಟೆ, ಜೇನುಹುಳಗಳಿಗೂ ಅವೇ ಬೇಕು. ಮೇಲೆ ಕರೆಂಟ್ ತಂತಿ ಇದ್ದರೆ ಎತ್ತರ ಬೆಳೆಯುವ ಮರ ಬೇಡ. ಐದು ವರ್ಷಕ್ಕೆ ಅದರ ತಲೆ ಕಡಿಯುತ್ತಾರೆ. ನೋಡಲು ಚಂದ ಅಂತ ಹರಡುವ ಜಾತಿಗಳನ್ನು ತರಬೇಡಿ. ಲಂಟಾನ ಒಂದು ಕಾಲಕ್ಕೆ ಹೂತೋಟದ ಅಲಂಕಾರಕ್ಕೆ ಅಂತ ಅಮೆರಿಕ ಖಂಡದಿಂದ ಹೊರಟ ಗಿಡ. ಈಗ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ಕಾಡುಗಳನ್ನು ಮುತ್ತಿಕೊಂಡಿದೆ.

ಸಸಿ ಮೊಣಕಾಲೆತ್ತರ ಇದ್ದರೆ ಸಾಕು. ಆಳೆತ್ತರದ ಸಸಿ ಫೋಟೋಗೆ ಚೆನ್ನ, ಆದರೆ ಅದರ ಎಲೆಗಳಿಗೆ ಬೇಕಾದಷ್ಟು ನೀರನ್ನು ಅದರ ಪುಟ್ಟ ಬೇರು ಕೊಡಲಾರದು. ಚಿಕ್ಕದು ಬೇಗ ಬೇರೂರಿ ಕೆಲವೇ ವರ್ಷಗಳಲ್ಲಿ ಅದನ್ನು ಹಿಡಿದುಬಿಡುತ್ತದೆ.

ನೆಡುವ ಬಗೆ

ಮಳೆಗಾಲ ಇರುವ ಕಡೆ ಎರಡು ಮೂರು ಒಳ್ಳೆಯ ಮಳೆ ಬಿದ್ದು, ಮಣ್ಣು ಒಂದು ಗೇಣು ಆಳದವರೆಗೆ ಒದ್ದೆಯಾದ ಮೇಲೆ ನೆಡಿ. ಚಳಿ ಜಾಸ್ತಿ ಇರುವ ಕಡೆ ಗಿಡ ಎಲೆ ಉದುರಿಸಿ ನಿಂತ ಕಾಲ ಒಳ್ಳೆಯದು.

ಗುಂಡಿ ಬೇರಿನ ಮುದ್ದೆಗಿಂತ ಎರಡು ಮೂರು ಪಟ್ಟು ಅಗಲ ಇರಲಿ. ಆಳ ಮಾತ್ರ ಮುದ್ದೆಯಷ್ಟೇ. ಆಳ ಜಾಸ್ತಿ ತೋಡಿ ಸಡಿಲ ಮಣ್ಣು ತುಂಬಿದರೆ ಮಳೆ ಬಂದ ಮೇಲೆ ಗಿಡ ಕೆಳಗೆ ಕುಸಿಯುತ್ತದೆ.

ಪ್ಲಾಸ್ಟಿಕ್ ಕವರನ್ನು ಪೂರ್ತಿ ತೆಗೆಯಿರಿ. ಇದನ್ನು ಹೇಳಬೇಕಾ ಅನಿಸಬಹುದು. ನಮ್ಮ ಸತ್ತ ಸಸಿಗಳನ್ನು ಕಿತ್ತಾಗ ಮೂರು ನಾಲ್ಕರಲ್ಲಿ ಕವರ್ ಹಾಗೇ ಇತ್ತು. ಬೇರು ಕವರಿನೊಳಗೇ ಸುತ್ತಿ ಸುತ್ತಿ ಹಗ್ಗದ ಸಿಂಬಿಯಂತಾಗಿತ್ತು. ಹಾಗೆ ಸುತ್ತಿಕೊಂಡ ಬೇರು ಕಂಡರೆ ಬೆರಳಲ್ಲಿ ಬಿಡಿಸಿ ಹರಡಿ. ಬಿಡದಿದ್ದರೆ ಚೂಪಾದ ಚಾಕುವಿನಿಂದ ಮುದ್ದೆಯ ಬದಿಗಳಲ್ಲಿ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ತೆಳುವಾಗಿ ಗೀರಿ. ಇಲ್ಲದಿದ್ದರೆ ಗಿಡ ದೊಡ್ಡದಾದ ಮೇಲೂ ಬೇರು ತನ್ನ ಬುಡವನ್ನೇ ಬಿಗಿಯುತ್ತದೆ.

ಕಾಂಡ ಬುಡದಲ್ಲಿ ಸ್ವಲ್ಪ ಅಗಲವಾಗಿ ಬೇರಿಗೆ ತಿರುಗುವ ಜಾಗ ಇದೆಯಲ್ಲ, ಅದು ನೆಲದ ಮಟ್ಟಕ್ಕೇ ಕಾಣುತ್ತಿರಬೇಕು. ಮಣ್ಣೊಳಗೆ ಹೂತುಹೋಗಬಾರದು. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಕೈಯಿಂದ ಒತ್ತಿ. ಸುತ್ತ ಪಾತಿ ಮಾಡಿ, ಒಂದು ಬಕೆಟ್ ನೀರನ್ನು ನಿಧಾನಕ್ಕೆ ಬಿಡಿ.

ಆಮೇಲೆ ತರಗೆಲೆಯ ಹೊದಿಕೆ. 5ರಿಂದ 10 ಸೆಂಟಿಮೀಟರ್ ದಪ್ಪ, ಆದರೆ ಕಾಂಡಕ್ಕೆ ತಾಗದ ಹಾಗೆ ಒಂದು ಅಂಗೈಯಷ್ಟು ಬಿಟ್ಟು. ಕಾಂಡಕ್ಕೇ ಒತ್ತಿ ಹಾಕಿದರೆ ತೊಗಟೆ ಕೊಳೆಯುತ್ತದೆ. ನನ್ನ ಪ್ರಕಾರ ಸಸಿ ಉಳಿಸುವುದರಲ್ಲಿ ನೀರಿನ ನಂತರದ ಜಾಗ ಈ ಹೊದಿಕೆಗೇ. ಮಣ್ಣಿನ ತೇವ ಆರಲು ಬಿಡುವುದಿಲ್ಲ, ಕಳೆ ಏಳಲು ಬಿಡುವುದಿಲ್ಲ. ಗುಡಿಸಿದ ಎಲೆಗಳನ್ನು ಚೀಲಕ್ಕೆ ಹಾಕಿ ಕಳಿಸುವ ಬದಲು ಇದಕ್ಕೇ ಇಟ್ಟುಕೊಳ್ಳಿ.

ಗಾಳಿ ಜೋರಿದ್ದರೆ ಮಾತ್ರ ಊರುಗೋಲು. ಹಳೆಯ ಬಟ್ಟೆಯಿಂದ, ಗಿಡದ ಕೆಳಭಾಗದಲ್ಲಿ, ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಗಿಡ ಸ್ವಲ್ಪ ಅಲ್ಲಾಡಿದರೇ ಕಾಂಡ ಗಟ್ಟಿಯಾಗುವುದು.

ನೀರಿನ ಸರದಿ

ನೆಟ್ಟ ದಿನ, ಮನೆಗೆ ಹೋಗುವ ಮುಂಚೆ ಸರದಿ ಪಟ್ಟಿ ಬರೆಯಿರಿ. ವಾರಕ್ಕೆ ಎರಡು ಮನೆ. ಹೆಸರಿನ ಮುಂದೆ ದಿನ. ಯಾರಾದರೂ ಊರಿಗೆ ಹೋದರೆ ಬದಲಿಗೆ ಯಾರು ಅಂತ ಅವರೇ ಹೇಳಬೇಕು. ಎಲ್ಲರ ಜವಾಬ್ದಾರಿ ಅಂತ ಬಿಟ್ಟರೆ ಅದು ಯಾರ ಜವಾಬ್ದಾರಿಯೂ ಆಗುವುದಿಲ್ಲ. ನಮ್ಮ 40ರಲ್ಲಿ 34 ಸಸಿಗಳು ಹೋಗಿದ್ದು ಹಾಗೆಯೇ.

ದಿನಾ ಒಂದು ಚೊಂಬು ಹಾಕುವುದಕ್ಕಿಂತ, ಮೊದಲ ಕೆಲವು ವಾರ ಕಳೆದ ಮೇಲೆ, ವಾರಕ್ಕೆ ಒಂದೆರಡು ಸಲ ಒಂದು ಬಕೆಟ್ ಪೂರ್ತಿ ಹಾಕುವುದು ಮೇಲು. ಮೇಲೆ ಮೇಲೆ ಒದ್ದೆಯಾದರೆ ಬೇರು ಮೇಲೇ ಉಳಿಯುತ್ತದೆ, ಒಂದು ವಾರ ತಪ್ಪಿದರೂ ಒಣಗುತ್ತದೆ. ಹಾಕುವ ಮುಂಚೆ ಹೊದಿಕೆ ಸರಿಸಿ ಬೆರಳು ಮಣ್ಣೊಳಗೆ ಇಳಿಸಿ ನೋಡಿ. ತಂಪಾಗಿದ್ದರೆ ಆ ದಿನ ನೀರು ಬೇಡ. ಕಳೆಯನ್ನು ಸಸಿಯ ಸುತ್ತ ಅರ್ಧ ಮೀಟರ್‌ನಷ್ಟು ಕಿತ್ತು ಅಲ್ಲೇ ಹೊದಿಕೆಯ ಮೇಲೆ ಹಾಕಿ, ಬೀಜ ಕಟ್ಟಿದ್ದರೆ ಮಾತ್ರ ಬೇರೆ ಕಡೆ ಹಾಕಿ. ಸತ್ತ ಸಸಿಯ ಜಾಗಕ್ಕೆ ಮುಂದಿನ ಮಳೆಯಲ್ಲಿ ಹೊಸದು. ಆದರೆ ಮೊದಲು ಕಿತ್ತು ಬೇರು ನೋಡಿ, ಯಾಕೆ ಸತ್ತಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಮೊದಲ ಬೇಸಿಗೆಯಷ್ಟೇ ಎರಡನೇ ಬೇಸಿಗೆಯಲ್ಲೂ ನೀರು ಬೇಕು. ಗಿಡ ಚೆನ್ನಾಗಿ ಚಿಗುರಿದೆ ಅಂತ ಬಿಟ್ಟುಬಿಡುವುದು ಆಗಲೇ. ಮೂರನೆಯ ವರ್ಷದಿಂದ ನಿಧಾನಕ್ಕೆ ಕಮ್ಮಿ ಮಾಡಿ.

ವರ್ಷ ಕಳೆದ ಮೇಲೆ ಊರುಗೋಲಿನ ಗಂಟು ಬಿಚ್ಚಿ. ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ. ಬುಡದ ಮಣ್ಣು ಬಿರಿಯದೆ ಗಿಡ ತಾನೇ ನೆಟ್ಟಗಾದರೆ ಕೋಲು ಕಿತ್ತುಬಿಡಿ. ಬಿರಿದರೆ ಇನ್ನೊಂದು ಮಳೆಗಾಲ ಇರಲಿ, ಕಟ್ಟಿದ ಬಟ್ಟೆಯನ್ನು ಮಾತ್ರ ಸಡಿಲಿಸಿ.